ಶನಿವಾರದ ಮದುಮಗಳು

ಮೊದಲ ಸಲ ದೆಹೆನ್ ಪಕ್ಕದಲ್ಲಿ ಮದುಮಗಳಾಗಿ ಕೂತಾಗ ಲಾಮಿಯಾಂಗ್‌ಳ ಕೈಗೆ ಇನ್ನೂ ಮೀನಿನ ವಾಸನೆ ಅಂಟಿತ್ತು. ಅವಳು ದೋಣಿಯ ಅಡುಗೆಯವಳು, ಅವನು ಗೈಡ್. ರುಂಗಾನ್ ಹೊಳೆಯಲ್ಲಿ ಪ್ರವಾಸಿಗಳಿಗೆ ಒರಾಂಗುಟಾನ್ ತೋರಿಸಿ, ಶನಿವಾರ ಮಧ್ಯಾಹ್ನ ಹಲವು ಸಂಸಾರಗಳು ಒಂದೇ ಸೂರಿನಡಿ ಇರುವ ಹಳ್ಳಿಯ ಉದ್ದಮನೆಯಲ್ಲಿ ತಮ್ಮ ದಾಯಾಕ್ ಬುಡಕಟ್ಟಿನ ಮದುವೆಯ ಆಟ ತೋರಿಸುವುದು ವಾಡಿಕೆ. ಅವತ್ತು ಮದುಮಗಳಾಗಬೇಕಿದ್ದ ಹುಡುಗಿಗೆ ಜ್ವರ ಬಂದಿತ್ತು.

ಶಾಸ್ತ್ರದಂತೆ ಮದುಮಕ್ಕಳಿಬ್ಬರೂ ದೊಡ್ಡ ಜಾಗಟೆಯ ಮೇಲೆ ಕೂತು ಒಂದೇ ಈಟಿ ಹಿಡಿಯಬೇಕು.

“ಅಷ್ಟು ಬಿಗಿಯಾಗಿ ಹಿಡೀಬೇಡ, ಈಟಿ ಓಡಿಹೋಗಲ್ಲ,” ಎಂದ ದೆಹೆನ್, ತುಟಿ ಅಲುಗಿಸದೆ.

“ನೀನು ಓಡಿಹೋದ್ರೆ?”

ಅವನ ಕಣ್ಣಂಚು ನಕ್ಕಿತು. ಅವನ ಕಿರುಬೆರಳು ಮೆಲ್ಲಗೆ ಜಾರಿ ಅವಳ ಬೆರಳಿಗೆ ತಾಗಿತು. ಅಲ್ಲೇ ಉಳಿಯಿತು.

ಆಮೇಲೆ ಎರಡು ವರ್ಷ ಅವಳೇ ಮದುಮಗಳು. ದೋಣಿ ಸಾಗುವಾಗ ಅವನು ಒಲೆಯ ಹತ್ತಿರ ಬಂದು ಕೂರುತ್ತಿದ್ದ. ಅವಳು ಅಡುಗೆಗೆಂದು ಸುಲಿದಿಟ್ಟ ಬೆತ್ತದ ಎಳೆಚಿಗುರನ್ನು ಕದ್ದು ತಿಂದು, ಕಹಿಗೆ ಮುಖ ಹಿಂಡಿ ಅವಳನ್ನು ನಗಿಸುತ್ತಿದ್ದ.

“ನಿಮ್ಮೋರನ್ನ ಮದ್ವೆ ಮಾತಿಗೆ ಯಾವಾಗ ಕಳಿಸ್ತೀಯ? ಅಮ್ಮ ಕೇಳ್ತಾಳೆ,” ಎಂದಳು ಒಮ್ಮೆ.

“ವಾರಾ ವಾರಾ ಮದ್ವೆ ಆಗ್ತಾನೇ ಇದೀವಲ್ಲ, ಏನವಸರ?”

ಜುಲೈ ತಿಂಗಳ ಒಂದು ಶನಿವಾರ, ಅವಳು ಮಣಿಸರ ಕಟ್ಟಿಕೊಳ್ಳುತ್ತಿದ್ದಾಗ ದೆಹೆನ್ ಬಾಗಿಲಲ್ಲಿ ನಿಂತ.

“ಸಂಪಿತ್ ಪೇಟೇಲಿ ನನ್ನ ಮದ್ವೆ ಗೊತ್ತಾಯ್ತು. ತಾಳೆಎಣ್ಣೆ ತೋಟದ ಮೇಸ್ತ್ರಿ ಮಗಳು. ಅಲ್ಲೇ ಕೆಲಸಾನೂ ಕೊಡ್ತಾರೆ.”

ದಾರ ಅವಳ ಬೆರಳಲ್ಲೇ ನಿಂತಿತು. “ಮತ್ತೆ ನಾನು?”

“ನಾನೇನು ಮಾತು ಕೊಟ್ಟಿದ್ನಾ?” ಅವನು ಹೊಳೆಯ ಕಡೆ ನೋಡಿದ. “ಸೀಸನ್ ಮುಗಿಯೋವರೆಗೂ ನೀನೇ ಕೂತ್ಕೋ, ಆಯ್ತಾ? ಬೇರೆಯವ್ರಿಗೆ ಕಲಿಸೋಕೆ ಟೈಮಿಲ್ಲ.”

ಕೊಟ್ಟಿರಲಿಲ್ಲ. ಎರಡು ವರ್ಷವನ್ನು ತಡಕಾಡಿದರೂ ಅವನ ಬಾಯಿಂದ ಬಂದ ಅಂಥ ಒಂದು ಮಾತೂ ಅವಳಿಗೆ ಸಿಗಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಆದರೂ ಹೋಗಿ ಕೂತಳು. ಹಳ್ಳಿಯ ನಿಜವಾದ ಮದುವೆಗಳನ್ನೂ ಮಾಡಿಸುವ ಮುದುಕ ಸಿಲಾಯ್ ಎಂದಿನಂತೆ ಕೇಳಿದ:

“ಮಗಳೇ, ಇವನು ನಿಂಗೆ ಒಪ್ಪಿಗೇನಾ?”

“ಇಲ್ಲ, ಮಾಮ.”

“ಹೂಂ ಅನ್ನೇ,” ದೆಹೆನ್ ಪಿಸುಗುಟ್ಟಿದ. “ಎಲ್ರೂ ನೋಡ್ತಿದಾರೆ.”

ಸಿಲಾಯ್ ಅವಳ ಮುಖವನ್ನೇ ನೋಡಿದ. ಇನ್ನೊಮ್ಮೆ ಕೇಳಲಿಲ್ಲ. ಇಬ್ಬರ ಕೈಯಿಂದಲೂ ಈಟಿ ಬಿಡಿಸಿಕೊಂಡ.

ಪ್ರವಾಸಿ ಹೆಂಗಸೊಬ್ಬಳು ಕ್ಯಾಮೆರಾ ಇಳಿಸಿ, ಏನಾಯಿತೆಂದು ಕೇಳಿದಳು. ದೆಹೆನ್ ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದ: “ನಮ್ಮಲ್ಲಿ ಹುಡುಗಿ ಮೊದಲು ನಾಚ್ಕೊಂಡು ಬೇಡ ಅನ್ನಬೇಕು. ಸಂಪ್ರದಾಯ.”

ಚಪ್ಪಾಳೆ ಬಿತ್ತು.

ಎರಡು ವರ್ಷ ದೋಣಿಯಲ್ಲಿ ದುಡಿದವಳಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಲಾಮಿಯಾಂಗ್ ಎದ್ದು ನಿಂತು, ಒಂದೊಂದೇ ಪದ ಹುಡುಕಿ ಆ ಹೆಂಗಸಿಗೆ ಹೇಳಿದಳು:

“ಸಂಪ್ರದಾಯ ಅಲ್ಲ. ನನಗೆ ಇವನ ಮೇಲೆ ಪ್ರೀತಿ ಇತ್ತು. ಇವನಿಗೆ ಇರಲಿಲ್ಲ.”

ಚಪ್ಪಾಳೆ ನಿಂತಿತು. ದೆಹೆನ್ ಬಾಯಿ ತೆರೆದ. ‘ನನಗೂ ಇತ್ತು’ ಎನ್ನುತ್ತಾನೇನೋ ಎಂದು ಅವಳು ಒಂದು ಕ್ಷಣ ಕಾದಳು.

ಅವನು ಪ್ರವಾಸಿಗಳತ್ತ ತಿರುಗಿ, ದೋಣಿ ಹೊರಡುವ ಹೊತ್ತಾಯಿತು ಎಂದ.