ತಾರೀಕು ತಪ್ಪಿದ ಸಕಾಕಿ

ಸೆಪ್ಟೆಂಬರ್ ಇಪ್ಪತ್ತೆರಡರ ಬೆಳಿಗ್ಗೆ ಎಂಟಕ್ಕೆ ಇಸೊಗಾಯಿ ಮಸಾನೊಬು ಒನೊಜಾವ ಹಳ್ಳಿಯ ಪೊಲೀಸ್ ಹೊರಠಾಣೆಗೆ ಓಡಿಬಂದ. ಹವಾಲ್ದಾರ್ ನಗುಮೊ ಕೊಟ್ಟ ಚಹಾದಲ್ಲಿ ಅರ್ಧ ಮೇಜಿನ ಮೇಲೇ ಚೆಲ್ಲಿತು.

"ನನ್ನ ಗಿಡಾನ ಮತ್ತೆ ಕಡಿದಿದ್ದಾರೆ ನಗುಮೊ ಅವರೇ. ಮೂರನೇ ಸಲ. ಈ ಸಲ ಎರಡು ಸಾಲು ಪೂರ್ತಿ!"

"ಯಾವಾಗ?"

"ನಿನ್ನೆ ಮಧ್ಯಾಹ್ನ ಸಂಘದ ಸಭೆಗೆ ಹೋಗಿದ್ದೆ, ಆಗಲೇ ಇರಬೇಕು. ಇವತ್ತು ಗಿಡ, ನಾಳೆ ನನ್ನ ಕತ್ತು. ಬರ್ಕೊಳ್ಳಿ."

ನಗುಮೊ ಬರೆದುಕೊಂಡ. ಎಫ್‌ಐಆರ್ ಬರೆಯುವಾಗ ಒಳಗಿನಿಂದ ನಾಲ್ಕು ವರ್ಷದ ಮಗಳು ಸಾಯೆ ಹಾಡುವುದು ಕೇಳಿಸುತ್ತಿತ್ತು. ಮುಂದಿನ ಕೋಣೆ ಠಾಣೆ, ಹಿಂದಿನ ಎರಡು ಕೋಣೆ ಅವನ ಸಂಸಾರ. ಹಿಂಬಾಗಿಲು ತೆರೆದರೆ ಇಸೊಗಾಯಿಯ ಗುಡ್ಡ. ಹಳ್ಳಿಯಲ್ಲಿ ಕತ್ತಿ ಹಿಡಿದವನೊಬ್ಬ ಓಡಾಡುತ್ತಿದ್ದಾನೆ ಎಂದ ಮೇಲೆ ಅವನ ಹೆಂಡತಿ ಚಿಹಾರು ಆ ಬಾಗಿಲಿಗೆ ಹಗಲಲ್ಲೂ ಚಿಲಕ ಹಾಕುತ್ತಿದ್ದಳು. ಬೀದಿಯಲ್ಲಿ ಎಲ್ಲರ ಮನೆಯದೂ ಅದೇ ಕತೆ.

ಹತ್ತೂವರೆಗೆ ಪಟ್ಟಣದಿಂದ ಇನ್ಸ್‌ಪೆಕ್ಟರ್ ತೊಕಿವಾ ಬಂದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಮೂವರೂ ಗುಡ್ಡ ಹತ್ತಿದರು. ಎರಡಾಳೆತ್ತರದ ಕಬ್ಬಿಣದ ಕಂಬಗಳ ಮೇಲೆ ಸೌರಫಲಕಗಳ ಸಾಲು, ಅವುಗಳ ನೆರಳಲ್ಲಿ ಸಕಾಕಿ ಗಿಡಗಳು. ಮನೆಮನೆಯ ದೇವರ ಹಲಗೆಯ ಮೇಲಿಡುವ ಹಸಿರು ಅದು. ನೆರಳೆಂದರೆ ಅದಕ್ಕೆ ಪ್ರೀತಿ.

ದಕ್ಷಿಣ ಸಮುದ್ರದಲ್ಲಿ ಚಂಡಮಾರುತವೊಂದು ಎದ್ದಿದೆಯೆಂದು ರೇಡಿಯೊ ಹೇಳುತ್ತಲೇ ಇತ್ತು. ಅದರ ಮೊದಲ ಗಾಳಿ ಗುಡ್ಡಕ್ಕೆ ಮುಟ್ಟಿತ್ತು. ಕಂಬಗಳು ಒಳಗೊಳಗೇ ನರಳುತ್ತಿದ್ದವು. ಕಡಿದವನು ಇಲ್ಲೇ ಎಲ್ಲೋ ಕೂತು ನೋಡುತ್ತಿದ್ದಾನೆ ಅನ್ನಿಸಿ ನಗುಮೊ ಎರಡು ಸಲ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಪಂಚನಾಮೆಯಲ್ಲಿ ತೊಕಿವಾ ಬರೆಸಿದ್ದು ಇಷ್ಟು: ಗಿಡಗಳನ್ನು ಹರಿತವಾದ ಕತ್ತರಿಯಿಂದ ಬುಡಕ್ಕೇ ಕತ್ತರಿಸಲಾಗಿದೆ. ಫಲಕ, ತಂತಿ, ಪೆಟ್ಟಿಗೆ ಯಾವುದಕ್ಕೂ ಹಾನಿಯಿಲ್ಲ. ನೆಲದ ಮೇಲೆ ಒಂದು ಎಲೆಯೂ ಬಿದ್ದಿಲ್ಲ.

"ಕದ್ದು ಮಾರಿದ್ದಾರೆ," ಎಂದ ಇಸೊಗಾಯಿ.

"ಮಾರುಕಟ್ಟೆಗೆ ಬಂದಿಲ್ಲ. ಬರುವಾಗಲೇ ವಿಚಾರಿಸಿದೆ. ಗಿಡ ಹೋದರೆ ನಿಮಗೇನು ನಷ್ಟ? ದುಡ್ಡು ಕರೆಂಟಿಂದ ತಾನೇ?"

"ಅದೇ ಅಲ್ವಾ ಮೇಡಂ ಕಷ್ಟ! ಸರ್ಕಾರ ಇಪ್ಪತ್ತು ವರ್ಷ ಒಳ್ಳೇ ದರ ಕೊಡುತ್ತೆ, ಸರಿ. ಆದರೆ ಹೊಲ ಹೊಲವಾಗೇ ಇರಬೇಕು. ಬೆಳೆ ಅರ್ಧ ಬಂದ್ರೆ ಸಾಲದು, ಮಾಮೂಲಿ ಬೆಳೆಯ ಹತ್ತರಲ್ಲಿ ಎಂಟು ಪಾಲು ಬರಲೇಬೇಕು. ಬರಲಿಲ್ಲ ಅಂದ್ರೆ ಕಂಬ ಕಿತ್ತು ಮನೆಗೆ ಹೋಗು ಅಂತಾರೆ. ಈ ತಿಂಗಳ ಕೊನೆಗೆ ಕೃಷಿ ಸಮಿತಿಯವರು ನೋಡೋಕೆ ಬರ್ತಾರೆ."

"ಇದು ಗೊತ್ತಿರೋರು ಯಾರು?"

"ಹಳ್ಳಿಗೆಲ್ಲಾ ಗೊತ್ತು. ಆದರೆ ಹೊಟ್ಟೆಯುರಿ ಇರೋನು ಒಬ್ಬನೇ, ಆ ಮುದುಕ ಹದಾನೊ. ಕಂಬ ನೆಟ್ಟ ದಿನವೇ ನನಗೆ ಶಾಪ ಹಾಕಿದ್ದ."

ಮಧ್ಯಾಹ್ನ ನಗುಮೊ ಒಬ್ಬನೇ ಹದಾನೊನ ಮನೆಗೆ ಹೋದ. ಹೋಗುವಾಗ ಲಾಠಿಯ ಮೇಲೆ ಕೈಯಿಟ್ಟುಕೊಂಡೇ ಇದ್ದ, ಅದನ್ನು ಯಾರಿಗೂ ಹೇಳಲಿಲ್ಲ. ಮುದುಕ ಬಾಗಿಲನ್ನು ನಾಲ್ಕು ಬೆರಳಷ್ಟು ಮಾತ್ರ ತೆರೆದ. ಸಂದಿಯಿಂದ ದೇವರ ಹಲಗೆ ಕಂಡಿತು. ಅದರ ಮೇಲೆ ಎರಡು ಕಟ್ಟು ಸಕಾಕಿ, ಎಲೆಯ ಮೇಲೆ ನೀರಿನ ಹನಿ ಇನ್ನೂ ಆರಿರಲಿಲ್ಲ.

"ಅಜ್ಜಾ, ಸಕಾಕಿ ಬದಲಿಸೋದು ಒಂದನೇ ತಾರೀಕು, ಹದಿನೈದನೇ ತಾರೀಕು. ಇವತ್ತು ಇಪ್ಪತ್ತೆರಡು. ಇದೆಲ್ಲಿಂದ ಬಂತು?"

"ಬೆಳಿಗ್ಗೆ ಬಾಗಿಲ ಮುಂದೆ ಬಕೆಟ್ಟಲ್ಲಿತ್ತು. ದೇವಸ್ಥಾನದಿಂದ ಕಳಿಸಿದಾರೆ ಅಂದ್ಕೊಂಡೆ. ದೇವರ ಸೊಪ್ಪನ್ನ ತಿಪ್ಪೆಗೆ ಎಸೀಲಾ?"

"ಯಾರು ಇಟ್ಟಿದ್ದು ನೋಡಿದಿರಾ?"

"ನನ್ನೇನು ಕೇಳ್ತೀಯಪ್ಪಾ? ಬೀದಿಯ ಎಲ್ಲಾ ಮನೆಗೂ ಬಂದಿದೆ. ನಿನ್ನ ಮನೆಗೂ ಬಂದಿದೆ, ಹೋಗಿ ನಿನ್ನ ಹೆಂಡ್ತೀನ ಹಿಡ್ಕೊ!"

ನಗುಮೊ ಮನೆಗೆ ಓಡಿದ. ಮುದುಕ ಹೇಳಿದ್ದು ನಿಜವಾಗಿತ್ತು. ತನ್ನದೇ ಮನೆಯ ದೇವರ ಹಲಗೆಯ ಮೇಲೆ, ಮಗಳ ಫೋಟೊ ಪಕ್ಕದಲ್ಲಿ, ಕಳವಿನ ಮಾಲು ಹಸಿರಾಗಿ ಹೊಳೆಯುತ್ತಿತ್ತು. ತಾನು ಮಲಗಿದ್ದಾಗ ಆ ಕತ್ತರಿಯ ಕೈ ತನ್ನ ಹೊಸ್ತಿಲವರೆಗೆ ಬಂದು ಹೋಗಿದೆ. ಅವನು ಚಿಹಾರುವನ್ನು ಕರೆದ.

"ಇದನ್ನ ಯಾರು ಕಟ್ಟಿದ್ದು, ಗೊತ್ತಾಗುತ್ತಾ?"

ಚಿಹಾರು ನಕ್ಕಳು. "ಎಲೆಗಳೆಲ್ಲಾ ಮುಂದಕ್ಕೇ ಮುಖ ಮಾಡಿವೆ, ದಾರ ಎರಡು ಸುತ್ತು. ಶಿಜುಯೊ ಅಕ್ಕ ಬಿಟ್ರೆ ಇಷ್ಟು ಚೆಂದ ಯಾರ್ರೀ ಕಟ್ತಾರೆ? ಯಾಕೆ, ಏನಾಯ್ತು?"

ಶಿಜುಯೊ ಇಸೊಗಾಯಿಯ ಸ್ವಂತ ಅಕ್ಕ. ತಮ್ಮನ ತೋಟದ ಸೊಪ್ಪು ಕಟ್ಟುವ ಕೂಲಿಯೇ ಅವಳ ಜೀವನ.

ಮೂರೂವರೆಗೆ ತೊಕಿವಾ ಮತ್ತು ನಗುಮೊ ಅವಳ ಮನೆಗೆ ಹೋದಾಗ ಗಾಳಿ ಜೋರಾಗಿತ್ತು. ಮನೆ ಗುಡ್ಡದ ಬುಡದಲ್ಲೇ, ಠಾಣೆಯ ಪಕ್ಕಕ್ಕೆ. ಬಚ್ಚಲ ತೊಟ್ಟಿಯ ತುಂಬ ಕಟ್ಟಿದ ಸಕಾಕಿ ನೀರಲ್ಲಿ ನಿಂತಿತ್ತು. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವಳು ಮಾಡಿರಲಿಲ್ಲ.

"ನೀವೇ ಕಡಿದಿರಾ?"

"ಹೌದು."

"ಹಂಚಿದ್ದು ಯಾಕೆ? ಎಸೆದಿದ್ದರೆ ನಾವು ಇಲ್ಲಿಗೆ ಬರ್ತಿರಲಿಲ್ಲ."

"ದೇವರಿಗೆ ಅಂತ ಬೆಳೆದದ್ದು ತಾಯೀ. ಕಡಿಯೋಕೆ ಕೈ ಬಂತು, ಎಸೆಯೋಕೆ ಬರಲಿಲ್ಲ."

"ತಮ್ಮನ ಮೇಲೆ ಏನು ದ್ವೇಷ?"

"ದ್ವೇಷಾನಾ? ಎತ್ತಿ ಆಡಿಸಿದ ಹುಡುಗ ಅವನು. ನನಗೆ ಭಯ, ಅಷ್ಟೇ."

ಅವಳು ಒಳಕೋಣೆಯ ಬಾಗಿಲು ಸರಿಸಿದಳು. ನೆಲದ ಚಾಪೆಗಳೆಲ್ಲ ಹಳದಿ ತಿರುಗಿದ್ದವು, ನಡುವಿನ ಒಂದು ಮಾತ್ರ ಹೊಸದು. ಹೋದ ವರ್ಷದ ಚಂಡಮಾರುತದಲ್ಲಿ ಮೇಲಿನಿಂದ ಕಿತ್ತುಬಂದ ಒಂದು ಫಲಕ ಹೆಂಚು ಸೀಳಿಕೊಂಡು ಬಂದು ಆ ಜಾಗದಲ್ಲಿ ನೆಟ್ಟಗೆ ನಾಟಿತ್ತು. ಮೊಮ್ಮಗ ರಿಕು ಮಲಗುವ ಜಾಗ ಅದು. ಹುಡುಗ ಉಚ್ಚೆಗೆಂದು ಎದ್ದು ಹೋಗಿದ್ದ. ಬೆಳಗಾಗುವುದರೊಳಗೆ ತಮ್ಮ ಬಂದು ಫಲಕ ಹೊತ್ತೊಯ್ದ, ಹೆಂಚು ಹಾಕಿಸಿದ, ಚಾಪೆ ಬದಲಿಸಿದ, ಯಾರಿಗೂ ಹೇಳಬೇಡ ಎಂದು ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡ.

"ಅವನ ಹೆಸರು ಹೇಳದೇ ಸಮಿತಿಯವರನ್ನ ಕೇಳಿದೆ. ಕಂಬ ನೋಡೋದು ನಮ್ಮ ಕೆಲಸ ಅಲ್ಲ, ಬೆಳೆ ಚೆನ್ನಾಗಿದ್ರೆ ಅನುಮತಿ ಇರುತ್ತೆ ಅಂದ್ರು. ಬೆಳೆ ಕೆಟ್ಟರೆ ಅಂದೆ. ಕಂಬ ತೆಗೆಸ್ತೀವಿ ಅಂದ್ರು."

ಇಸೊಗಾಯಿಯನ್ನು ಕರೆಸಿದರು. ಅಕ್ಕನ ಮುಖ ನೋಡಿ ಅವನು ಅಂಗಳದಲ್ಲೇ ಕುಸಿದು ಕೂತ.

"ದೂರು ವಾಪಸ್ ತಗೊಂಡರೆ ಇಲ್ಲಿಗೇ ಮುಗಿಯುತ್ತೆ," ಎಂದರು ತೊಕಿವಾ.

ಅವನು ತಲೆಯೆತ್ತದೆ ಹೇಳಿದ. "ಬೇರೆಯವರು ಹಾಳು ಮಾಡಿದ್ದು ಅಂತ ಎಫ್‌ಐಆರ್ ಇದ್ರೆ ಸಮಿತಿಯವರು ಈ ವರ್ಷದ ಬೆಳೆ ಲೆಕ್ಕಕ್ಕೆ ಹಿಡಿಯಲ್ಲ. ಕಂಬ ಉಳಿಯುತ್ತೆ. ವಾಪಸ್ ತಗೊಂಡ್ರೆ ನಾನು ಮುಳುಗ್ತೀನಿ. ಅಕ್ಕಾ, ತಪ್ಪು ತಿಳೀಬೇಡ."

"ತಿಳಿಯಲ್ಲ ಕಣೋ," ಎಂದಳು ಶಿಜುಯೊ. "ಮಳೆ ಬರ್ತಿದೆ, ಎದ್ದೇಳು, ನೆನೀಬೇಡ."

ಸಂಜೆ ಐದಕ್ಕೆ ಅವಳನ್ನು ಬಂಧಿಸಿ ಪಟ್ಟಣದ ಠಾಣೆಗೆ ಕರೆತಂದರು. ಹಳ್ಳಿಯಲ್ಲಿ ಆಗಲೇ ಚಿಲಕಗಳು ಸಡಿಲಾಗಿದ್ದವು. ಸಿಕ್ಕಿಬಿದ್ದಳಂತೆ, ಇನ್ನು ಹೆದರಿಕೆಯಿಲ್ಲ ಎಂದು ಜನ ಮಾತಾಡಿಕೊಂಡರು. ತೊಕಿವಾ ವರದಿಯಲ್ಲಿ ಕಾರಣದ ಜಾಗದಲ್ಲಿ "ಗಾಳಿಯ ಭಯ" ಎಂದು ಬರೆದರು, ಸ್ವಲ್ಪ ಯೋಚಿಸಿ, ಅದನ್ನು ಹಾಗೇ ಬಿಟ್ಟರು.

ನಗುಮೊ ಹೇಳಿಕೆಗೆ ಸಹಿ ಹಾಕಿಸಿಕೊಂಡ. ಹೊರಗೆ ಕಿಟಕಿಯ ಗಾಜು ಅದುರುತ್ತಿತ್ತು.

"ರಿಕು ಎಲ್ಲಿದ್ದಾನೆ?" ಎಂದು ಕೇಳಿದ.

"ನಿನ್ನೇನೇ ಅವನಮ್ಮನ ಹತ್ತಿರ ಕಳಿಸಿಬಿಟ್ಟೆ." ಶಿಜುಯೊ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ನಿಮ್ಮ ಪುಟ್ಟಿ ಯಾವ ಕೋಣೇಲಿ ಮಲಗ್ತಾಳೆ?"

ಹಿಂದಿನ ಕೋಣೆ. ಗುಡ್ಡದ ಕಡೆಯದು. ಎರಡು ವರ್ಷದಿಂದ ಸಾಯೆ ಆ ಕೋಣೆಯಲ್ಲೇ ಮಲಗುತ್ತಿದ್ದಳು. ಈ ಎರಡು ವರ್ಷದಲ್ಲಿ ಅವನು ಒಮ್ಮೆಯೂ ತಲೆಯೆತ್ತಿ ಮೇಲೆ ನೋಡಿರಲಿಲ್ಲ. ಕಂಬಗಳನ್ನು ಉಳಿಸುವ ಎಫ್‌ಐಆರನ್ನು ಅವನೇ ತನ್ನ ಕೈಯಾರೆ ಬರೆದಿದ್ದ.

ಅವನು ಫೋನು ಎತ್ತಿಕೊಂಡ. ಮೊದಲ ಸಲ ನಂಬರು ತಪ್ಪಿತು.

"ಚಿಹಾರು, ಸಾಯೇನ ಎತ್ಕೊಂಡು ಈಗಲೇ ಹೊರಡು. ಪಟ್ಟಣಕ್ಕೆ ಬಾ."

"ಯಾಕ್ರೀ? ಹಿಡಿದ್ರಲ್ಲ? ಇನ್ನೇನು ಭಯ?"

"ಏನೂ ತಗೋಬೇಡ," ಎಂದ ನಗುಮೊ. "ಹಿಂಬಾಗಿಲಿಂದ ಬರಬೇಡ. ಮುಂದಿನ ಬಾಗಿಲಿಂದ ಬಾ, ಓಡು."