ತಾರೀಖಿಲ್ಲದ ಕಾಗದಗಳು

"ಅಮ್ಮಾ..." ಎಂದು ಕರೆಯುತ್ತಾ ಮಗಳು ಏಳು ವರ್ಷಗಳ ಮೇಲೆ ಮನೆಯ ಮೆಟ್ಟಿಲು ಹತ್ತಿ ಬಂದಳು. ಮುಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾ ಕುಳಿತಿದ್ದ ತಂದೆಯ ಕೈಯಿಂದ ಸೂಜಿ ಜಾರಿತು. ಓಣಿಯವರೆಲ್ಲ ಅವರನ್ನು ರಟ್ಟಿನಜ್ಜ ಎಂದೇ ಕರೆಯುತ್ತಿದ್ದರು. ಬಿಳಿ ಸೀರೆ, ಕತ್ತರಿಸಿದ ಕೂದಲು, ಎದೆಗೆ ಅವುಚಿಕೊಂಡ ಒಂದು ಚೀಲ... ಇದು ತನ್ನ ಮಗಳೆಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅಮ್ಮ ಎಲ್ಲಪ್ಪಾ?"

ತಂದೆ ಬಿದ್ದ ಸೂಜಿಯನ್ನು ಹೆಕ್ಕಿಕೊಂಡರು. ಒಳಗಿನಿಂದ ಅವರ ತಂಗಿ ಬಂದಳು. ಅತ್ತಿಗೆ ಹಾಸಿಗೆ ಹಿಡಿದಾಗ ಬಂದು ನಿಂತವಳು ಅಣ್ಣನಿಗೆ ಬೇಯಿಸಿ ಹಾಕುತ್ತಾ ಅಲ್ಲಿಯೇ ಉಳಿದಿದ್ದಳು.

"ಏನೂ ತಿಳಿಯದವಳ ಹಾಗೆ ಕೇಳ್ತಾಳೆ ನೋಡು! ನಿಮ್ಮಮ್ಮ ಮಣ್ಣಾಗಿ ಎರಡು ವರ್ಷ ಆಯ್ತು ಕಣೇ."

ಮಗಳು ಗೋಡೆ ಹಿಡಿದುಕೊಂಡಳು. "ನನಗೆ... ಯಾರೂ ಹೇಳಲಿಲ್ಲ ಅತ್ತೆ."

ಆ ಮಾತು ತಂದೆಯ ಗಾಯವನ್ನು ಕೆದಕಿತು. ತಮ್ಮ ಕೈಯಿಂದಲೇ, ಕಣ್ಣೀರು ಒರೆಸಿಕೊಳ್ಳುತ್ತಾ, ಅಂದೇ ಬರೆದು ಹಾಕಿದ್ದರಲ್ಲ! ಅದಕ್ಕೆ ಬಂದ ಉತ್ತರವೂ ಇತ್ತಲ್ಲ! ಅವರು ಮೇಜಿನ ಸೆಳೆಖಾನೆ ಎಳೆದು ಕಾಗದಗಳ ಕಟ್ಟನ್ನು ತೆಗೆದು, ಮೇಲಿನದನ್ನು ಗಟ್ಟಿಯಾಗಿ ಓದಿದರು.

"'ನೀವು ಬರೆದ ವಿಷಯ ತಿಳಿಯಿತು. ಅದರಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಇನ್ನು ಬರೆಯಬೇಡಿ.' ಹೆತ್ತ ತಾಯಿ ಸತ್ತದ್ದಕ್ಕೆ ಮಗಳು ಬರೆದ ಉತ್ತರ ಇದು! ಅಕ್ಷರ ನಿಂದು ಹೌದೋ ಅಲ್ವೋ?"

ಮಗಳು ಕಾಗದವನ್ನು ನೋಡಿದಳು. "ನಂದೇ," ಎಂದಳು ಮೆಲ್ಲನೆ.

"ಹಾಗಿದ್ರೆ ಯಾವ ಮುಖ ಹೊತ್ತುಕೊಂಡು ಬಂದೆ? ಹೋಗು! ಆ ಬಳಗದವರೇ ನಿನಗೆ ತಂದೆ ತಾಯಿ ಅಂತ ಬರೆದಿದ್ದೆಯಲ್ಲ, ಅಲ್ಲಿಗೇ ಹೋಗು!"

ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕೇಳಿದ ಕ್ಷಣವೇ ಚೀಲವನ್ನು ಸರಿಪಡಿಸಿಕೊಂಡು ಮಗಳು ಬಾಗಿಲ ಕಡೆ ತಿರುಗಿದಳು.

"ನೋಡಿದ್ಯಾ ಅಣ್ಣ? ಕಲ್ಲು! ಒಂದು ಹನಿ ನೀರು ಬಂತಾ ಕಣ್ಣಲ್ಲಿ?" ಎಂದಳು ತಂಗಿ.

ಮಗಳನ್ನು ಕರೆತಂದಿದ್ದ ನರ್ಸಮ್ಮ ಅಷ್ಟು ಹೊತ್ತೂ ಮೆಟ್ಟಿಲ ಕೆಳಗೇ ನಿಂತಿದ್ದಳು. ಅವಳೂ ಒಂದು ಕಾಲಕ್ಕೆ, ಮಗಳು ಮನೆ ಬಿಟ್ಟು ಸೇರಿದ್ದ ಹಿರಿಯಣ್ಣನೆಂಬ ಗುರುವಿನ ಬಳಗದಲ್ಲಿ ನಾಲ್ಕು ವರ್ಷ ಕಳೆದು ಬಂದವಳು. ಈಗ ಅಲ್ಲಿಂದ ಹೊರಬಿದ್ದವರನ್ನು ತನ್ನ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡುತ್ತಿದ್ದಳು.

"ಯಜಮಾನರೇ, ಅದು ಕಲ್ಲಲ್ಲ," ಎಂದಳು ಆಕೆ. "ಅಲ್ಲಿ ನೀರು ಕುಡಿಯೋಕ್ಕೂ ಹಿರಿಯಣ್ಣನ ಅಪ್ಪಣೆ ಬೇಕು. ನನ್ನ ಮನೆಗೆ ಬಂದು ಎರಡು ವಾರ ಆಯ್ತು, ಇನ್ನೂ ನೀರಿನ ಕೊಡದ ಮುಂದೆ ಲೋಟ ಹಿಡಿದು ನಿಂತಿರ್ತಾಳೆ, ಯಾರಾದ್ರೂ ಕುಡಿ ಅನ್ನಲಿ ಅಂತ. ಕೋಪದ ಮಾತು ಯಾವುದು, ಅಪ್ಪಣೆ ಯಾವುದು ಅನ್ನೋದು ಅವಳಿಗೆ ಮರೆತುಹೋಗಿದೆ. ನೀವು ಹೋಗು ಅಂದ್ರಿ, ಅವಳು ಹೊರಟಳು. ಖಂಡಿತ ಅಲ್ಲಿಗೇ ಹೋಗ್ತಾಳೆ. ಹೋದ್ರೆ ಮತ್ತೆ ಹೊರಗೆ ಬಿಡಲ್ಲ."

ಹೊಸ್ತಿಲಲ್ಲಿ ನಿಂತು, ಪಾಠ ಒಪ್ಪಿಸುವವಳ ಹಾಗೆ ಮಗಳು ಹೇಳಿದಳು. "ಸೇರಿದ ದಿನ ಬೆಳಿಗ್ಗೆ ಒಂದು ಹೊಸ ನೋಟ್‌ಬುಕ್ ಕೊಡ್ತಾರೆ. ಅವರು ಹೇಳಿದ ಹಾಗೆ ಹನ್ನೆರಡು ಕಾಗದ ಬರೀಬೇಕು. ತಾರೀಖು ಹಾಕೋ ಹಾಗಿಲ್ಲ. ಆಮೇಲೆ ಮನೆಯಿಂದ ಏನೇ ಬಂದ್ರೂ ಆಫೀಸಿನವರು ಅದರಲ್ಲಿ ಒಂದನ್ನ ಅಂಚೆಗೆ ಹಾಕ್ತಾರೆ. ನನಗೆ ಏನು ಬಂತು ಅಂತ ತಿಳಿಯೋದೇ ಇಲ್ಲ. ಹೋದ ತಿಂಗಳು ಹೊಸ ಹುಡುಗಿ ಹತ್ರ ನಾನೇ ಬರೆಸಬೇಕಾಯ್ತು. ಅವಳು 'ಅಮ್ಮ' ಅಂತ ಬರೆದು, ಮುಂದೆ ಬರೆಯೋಕ್ಕಾಗದೆ ಅಳ್ತಾ ಕೂತಳು... ಬಟ್ಟೆ ಒಗೆಯೋ ಕಡೆಯ ಬಾಗಿಲಿಂದ ಓಡಿಬಂದೆ."

"ಚೆನ್ನಾಗಿ ಕಟ್ಟಿದ್ದಾಳೆ ಕಥೆ!" ಎಂದಳು ತಂಗಿ.

ತಂದೆ ಕನ್ನಡಕ ಏರಿಸಿಕೊಂಡು, ಕಟ್ಟಿನ ತಳದಿಂದ ಮೊದಲ ವರ್ಷದ ಕಾಗದವನ್ನು ಎಳೆದರು. "ನಾನು ಸುಖವಾಗಿದ್ದೇನೆ. ನೋಡಲು ಬರಬೇಡಿ." ಅದರ ಹರಿದ ಅಂಚಿನ ಮೇಲೆ ಬೆರಳಾಡಿಸಿದರು. ಹೊಲಿಗೆಯ ಮೂರು ತೂತುಗಳಿದ್ದವು, ನಡುವಿನದು ಸ್ವಲ್ಪ ಓರೆ. ಕೊನೆಯ ಕಾಗದದಲ್ಲೂ ಮೂರು, ನಡುವಿನದು ಓರೆ. ಎರಡನ್ನೂ ಮೇಜಿನ ಮೇಲಿಟ್ಟು ಅಂಚಿಗೆ ಅಂಚು ಸರಿಸಿದರು. ಹರಿದ ನಾರಿಗೆ ನಾರು ಬಂದು ಕೂತಿತು. ಐದು ವರ್ಷಗಳ ಅಂತರದಲ್ಲಿ ಬಂದ ಎರಡು ಕಾಗದಗಳು, ನಡುವೆ ಮಡಿಸಿ ಹೊಲಿದಿದ್ದ ಒಂದೇ ಹಾಳೆಯ ಎರಡು ಅರ್ಧಗಳು!

ನಲವತ್ತು ವರ್ಷ ಹಾಳೆ ಮಡಿಸಿ ಹೊಲಿದ ಕೈ ಅದು. ಊರಿನವರ ಪುಸ್ತಕದಲ್ಲಿ ಒಂದು ಹಾಳೆ ತಪ್ಪಿದರೂ ಕಣ್ಣುಮುಚ್ಚಿ ಹೇಳುತ್ತಿದ್ದರು. ತಮ್ಮ ಮಗಳ ಕಾಗದದಲ್ಲಿ ಮಾತ್ರ ಅಕ್ಷರಗಳನ್ನಷ್ಟೇ ಓದಿದ್ದರು, ಹಾಳೆಯನ್ನು ನೋಡಿರಲಿಲ್ಲ...

ಹೆಂಡತಿಯ ಮಾತು ನೆನಪಾಯಿತು. ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದ ಆಕೆ, "ಅಕ್ಷರ ಅವಳದು ರೀ, ಮಾತು ಅವಳದಲ್ಲ. ಒಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಅಂಗಲಾಚಿದ್ದಳು. "ಬೇಡ ಅಂದವಳ ಬಾಗಿಲಿಗೆ ಹೋಗಬೇಡ," ಎಂದು ತಡೆದವರು ಯಾರು? ಇವರೇ! ಆಕೆ ಮಗಳ ಮುಖ ನೋಡದೆಯೇ ಕಣ್ಣು ಮುಚ್ಚಿದಳು. ಬಳಗದವರು ಅತ್ತ ಬಾಗಿಲು ಹಾಕಿದರೆ, ಇತ್ತ ತಾವೇ ಅಗುಳಿ ಜಡಿದಿದ್ದರು. ಮುದುಕರು ಮೇಜಿನ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತರು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅತ್ತು ಎದ್ದಾಗ ಮಗಳು ಮೆಟ್ಟಿಲಿಳಿದು ಬೀದಿಯಲ್ಲಿದ್ದಳು. "ಬಾ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವರು ಅದನ್ನು ನುಂಗಿದರು. ಬಾ ಎಂದರೆ ಬರುತ್ತಾಳೆ. ಆದರೆ ಅದೂ ಒಂದು ಅಪ್ಪಣೆಯೇ ಅಲ್ಲವೆ?

"ಮಗಳೇ, ಹೋಗು ಅಂದದ್ದು ನನ್ನ ತಪ್ಪು. ಅದು ಅಪ್ಪಣೆ ಅಲ್ಲ, ಸಂಕಟದ ಮಾತು. ನೀನು ಹೋಗಬಹುದು, ಇರಬಹುದು. ನಿನ್ನಿಷ್ಟ. ನೀನಿದ್ರೆ ನನಗೆ ಸಂತೋಷ... ಅಷ್ಟೇ."

ಮಗಳು ನಿಂತಳು. ಯಾರಾದರೂ ಹೇಳಲೆಂದು ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ಬೇಕೆಂದೇ ಆಚೆ ತಿರುಗಿ ನಿಂತಳು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಮುದುಕರು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತೇ ಇದ್ದರು. ಕೊನೆಗೆ ಆಕೆ ತಾನಾಗಿಯೇ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಚೀಲವನ್ನು ಒಳಗಿಟ್ಟಳು.

"ಇರ್ತೀನಪ್ಪಾ... ಅಮ್ಮನ ಫೋಟೋ ಎಲ್ಲಿದೆ?"

ಫೋಟೋದ ಮುಂದೆ ನಾಲ್ವರೂ ನಿಂತರು. ಆಗ ಮಗಳಿಗೆ ಕಣ್ಣೀರು ಬಂತು, ಏಳು ವರ್ಷದ ಕಣ್ಣೀರು! ಅತ್ತೆಯೇ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಬಳಗದಲ್ಲಿ ಪ್ರತಿ ಪ್ರಾರ್ಥನೆಯೂ ಹಿರಿಯಣ್ಣನ ಹೆಸರಿನಿಂದಲೇ ಮೊದಲಾಗಬೇಕಿತ್ತು. ಕೈ ಮುಗಿದೊಡನೆ ಮಗಳ ಬಾಯಲ್ಲಿ ಅದೇ ಹೆಸರು ಹೊರಟಿತು. ಅವಳು ಅದನ್ನು ಅರ್ಧಕ್ಕೇ ತಡೆದಳು. ಮುಂದೆ ಯಾವ ಮಾತೂ ಸಿಗದೆ ತಂದೆಯ ಕಡೆ ನೋಡಿದಳು.

ತಂದೆ ಹೇಳಿಕೊಡಲಿಲ್ಲ. ತಮ್ಮ ಪಾಡಿಗೆ ತಾವು ಕಣ್ಣುಮುಚ್ಚಿ ನುಡಿದರು.

"ದೇವರೇ, ನನ್ನ ಹೆಂಡತಿ ಕೇಳಿದ್ದನ್ನು ನಾನು ಕೊಡಲಿಲ್ಲ. ಅವಳ ಮಗಳು ಮನೆಗೆ ಬಂದಿದ್ದಾಳೆ, ತಾನೇ ಮನಸ್ಸು ಮಾಡಿ ಬಂದಿದ್ದಾಳೆ. ಈ ಸುದ್ದಿಯನ್ನಾದರೂ ಅವಳಿಗೆ ಮುಟ್ಟಿಸು. ಕಾದು ಕಾದು ದಣಿದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು ತಂದೆ..."

"ಶಾಂತಿ ಕೊಡು," ಎಂದಳು ಮಗಳು, ಯಾರೂ ಹೇಳು ಎನ್ನದೆ.