ಕೇತಿಸೆಟ್ಟಿ ಮಾರಿದ ಹೂಧೂಳಿ

ಬಹಳ ಹಿಂದೆ, ಕಾಡುಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲಕ್ಕೆ, ಕೇಸರಾವತಿ ಎಂಬ ರಾಜ್ಯದಲ್ಲಿ ಒಂದು ವ್ಯಾಪಾರ ನಡೆಯಿತು. ಕೊಟ್ಟದ್ದು ಆ ರಾಜ್ಯದ ಹೂಧೂಳಿಯಷ್ಟೂ. ಕೊಂಡದ್ದು ಒಂಬತ್ತು ವರ್ಷದ ಒಬ್ಬ ಹುಡುಗಿಯ ಉಸಿರು.

ಮಾರಿದವನು ಕೇತಿಸೆಟ್ಟಿ. ಹೂವಿನಿಂದ ಬರುವುದೆಲ್ಲದರ ಗುತ್ತಿಗೆಯನ್ನು ಅರಸ ಅವನಿಗೆ ಬರೆದುಕೊಟ್ಟಿದ್ದ: ಅತ್ತರು, ಜೇನು, ಮೇಣ, ಎಲ್ಲ. ಹೆಂಡತಿ ತೀರಿಹೋಗಿದ್ದಳು. ಉಳಿದವಳು ಮಗಳು ಜಕ್ಕವ್ವೆ ಒಬ್ಬಳೇ. ಹೂ ಅರಳುವ ಕಾಲ ಬಂತೆಂದರೆ ಆ ಮಗುವಿನ ಕಣ್ಣು ಕೆಂಡವಾಗುತ್ತಿತ್ತು, ಮೂಗು ಸುರಿಯುತ್ತಿತ್ತು, ಎದೆ ಕಮ್ಮಾರನ ತಿದಿಯಂತೆ ಏಳುತ್ತಿತ್ತು, ಬೀಳುತ್ತಿತ್ತು. ಬಾಗಿಲು ಕಿಟಕಿ ಎಲ್ಲ ಹಾಕಿದರೂ ಬೆಳಗಾಗುವುದರೊಳಗೆ ಹಾಸಿಗೆಯ ಮೇಲೆ ಹಳದಿ ಧೂಳಿ ಬಂದು ಕೂತಿರುತ್ತಿತ್ತು. ಇನ್ನೊಂದು ವಸಂತ ದಾಟುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದರು.

ಆಗ ಬಂಡೆಗುಡ್ಡದ ಮಾಯಗಾರ ಬರಡಯ್ಯ ಇಳಿದು ಬಂದ. ಅವನಿಗೆ ಮುನ್ನೂರು ವರ್ಷ. ಹುಟ್ಟಬೇಕಾದ ಕಾಯಿ ಹುಟ್ಟದೆ ಹೋದರೆ ಅದರ ಆಯುಸ್ಸು ಅವನಿಗೆ ಸೇರುತ್ತಿತ್ತು. ಅದನ್ನು ಅವನು ಹೇಳಲಿಲ್ಲ, ಸೆಟ್ಟಿ ಕೇಳಲಿಲ್ಲ. ಹೂವಿನ ಧೂಳಿ ನನಗೆ ಕೊಡು, ಮಗಳ ಉಬ್ಬಸ ನಾನು ತೆಗೆಯುತ್ತೇನೆ ಎಂದ ಅಷ್ಟೆ. ಧೂಳು ತಾನೆ, ಅಂದುಕೊಂಡ ಸೆಟ್ಟಿ. ಯಾವ ಮೂಟೆ ಬಂದರೂ ಧೂಳು ಕೊಡವಿಯೇ ತಕ್ಕಡಿಗೆ ಹಾಕಿಸಿದವನು ಅವನು. ಧೂಳಿಗೆ ಗಿರಾಕಿ ಇದ್ದಾನೆಂದು ಅವತ್ತೇ ತಿಳಿದದ್ದು. ಕೈಮೇಲೆ ಶಲ್ಯ ಹಾಕಿಕೊಂಡು, ಅದರಡಿ ಬೆರಳು ಹಿಡಿದು, ಇಬ್ಬರೂ ವ್ಯಾಪಾರ ಮುಗಿಸಿದರು.

ಮರುದಿನ ರಾಜ್ಯದ ಹೂಗಳೆಲ್ಲ ತೊಳೆದಿಟ್ಟ ಹಾಗಿದ್ದವು. ಜಕ್ಕವ್ವೆ ಅಂಗಳದ ಸುತ್ತ ಓಡಿದಳು. ಸಾಕು ಎಂದರೂ ನಿಲ್ಲಲಿಲ್ಲ.

ಮೊದಲ ವರ್ಷ ಜೇನು ಸತ್ತವು. ಹೂವಿನಲ್ಲಿ ಮಕರಂದವೇನೋ ಇತ್ತು. ಆದರೆ ಜೇನಿನ ಮರಿಗಳಿಗೆ ಅನ್ನವೆಂದರೆ ಹೂಧೂಳಿ. ಅದಿಲ್ಲದೆ ಮರಿಗಳು ಜೇನುಹುಟ್ಟಿನ ಕೋಣೆಗಳಲ್ಲೇ ಒಣಗಿ ಅಕ್ಕಿಕಾಳಿನಂತಾದವು. ಜೇನು ಬಿಡಿಸುವವರು ಆ ಹುಟ್ಟುಗಳನ್ನು ತಂದು ಸೆಟ್ಟಿಯ ಜಗಲಿಯ ಮೇಲಿಟ್ಟು ಹೋದರು.

ಸೆಟ್ಟಿ ಒಂದು ಗಡಿಗೆ ಹಳೆಯ ಜೇನುತುಪ್ಪ ಹೊತ್ತು ಬಂಡೆಗುಡ್ಡ ಹತ್ತಿದ. ಗವಿಯ ಬಾಗಿಲಲ್ಲಿ ಮಂತ್ರ ಹಾಕಿ ಕಾವಲಿಗೆ ಕೂರಿಸಿದ ಕರಡಿ ಇತ್ತು. ಕೊಬ್ಬಿ ಮಿರಮಿರ ಮಿಂಚುತ್ತಿತ್ತು. ಗಡಿಗೆ ಖಾಲಿ ಮಾಡಿ ದಾರಿ ಬಿಟ್ಟಿತು. ಒಳಗೆ ಧೂಳಿಯ ರಾಶಿ; ಮೇಲೆ ಹೊದಿಸಿದ ಬಟ್ಟೆಗೆ ಬರಡಯ್ಯ ನೀರು ಚಿಮುಕಿಸುತ್ತಿದ್ದ. ಸೆಟ್ಟಿ ಬಂದ ವಿಷಯ ಹೇಳಿದ.

"ವಾಪಸು ಕೊಡುತ್ತೇನೆ," ಎಂದ ಬರಡಯ್ಯ. "ಕೊಂಡದ್ದನ್ನು ನೀನೂ ವಾಪಸು ಕೊಡು."

ಸೆಟ್ಟಿ ಬಂದ ದಾರಿಯಲ್ಲೇ ತಿರುಗಿದ.

ಎರಡನೆಯ ವರ್ಷ ಮರಗಳು ಸೋತವು. ಮಾವು ಹೂ ಬಿಟ್ಟಿತು, ಉದುರಿಸಿತು. ಕುಂಬಳದ ಹೀಚು ಹಳದಿಗಟ್ಟಿ ಕೊಳೆಯಿತು. ಹೂ ಹೂವಾಗಿಯೇ ಸತ್ತದ್ದರಿಂದ ಮರುಬಿತ್ತನೆಗೆ ಬೀಜವಿಲ್ಲ. ಅರಸ ಯಾಗ ಮಾಡಿಸಿದ. ಗುತ್ತಿಗೆಯ ಪತ್ರದ ಮೇಲೆ ತನ್ನದೇ ಮುದ್ರೆ ಇದ್ದುದರಿಂದ ಸೆಟ್ಟಿಯನ್ನು ಏನೂ ಅನ್ನಲಾರದೆ ಹೋದ. ಸೆಟ್ಟಿ ಈ ಸಲ ಒಂದು ಬಟ್ಟಲು ಜೇನು ಹಿಡಿದು ಗುಡ್ಡ ಹತ್ತಿದ. ಕರಡಿಯ ಚರ್ಮ ಜೋತುಬಿದ್ದಿತ್ತು.

"ಹೋದ ಸಲ ಗಡಿಗೆ, ಈ ಸಲ ಬಟ್ಟಲು," ಎಂದಿತು ಕರಡಿ. "ಅಂಗಡಿ ಇಳಿಮುಖ ಅಂತ ಕಾಣುತ್ತೆ, ಸೆಟ್ಟಿ."

ಒಳಗೆ ಅದೇ ರಾಶಿ, ಅದೇ ಒದ್ದೆ ಬಟ್ಟೆ, ಅದೇ ಮಾತು. ವಾಪಸು ಕೊಡುತ್ತೇನೆ, ನೀನೂ ವಾಪಸು ಕೊಡು. ಸೆಟ್ಟಿ ಮತ್ತೆ ಬಂದ ದಾರಿ ಹಿಡಿದ.

ಮೂರನೆಯ ವರ್ಷ ಜನರ ಸರದಿ. ಧೂಳಿ ಹೋದಾಗಿನಿಂದಲೂ ಜೋಳದ ತೆನೆಯೆಲ್ಲ ಜೊಳ್ಳೇ. ಅಲ್ಲಿಯತನಕ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಹಳೆ ಕಾಳು ಹೊಟ್ಟೆ ಕಾದಿತ್ತು. ಈಗ ಹಗೇವಿನ ತಳ ಕಂಡಿತು. ಬಾಳೆಗೂ ಗೆಣಸಿಗೂ ಧೂಳಿ ಬೇಡ. ಆದರೆ ಅವೆರಡನ್ನೇ ನಂಬಿ ಒಂದು ರಾಜ್ಯ ಎಷ್ಟು ದಿನ ಬದುಕೀತು? ಕೂಸುಗಳು ಮೊದಲು ಹೋದವು. ಎದುರುಮನೆಯ ಖಾಲಿ ತೊಟ್ಟಿಲನ್ನು ಜಂತಿಗೆ ಎತ್ತಿ ಕಟ್ಟುವುದನ್ನು ಜಕ್ಕವ್ವೆ ನಿಂತು ನೋಡಿದಳು.

ಸೆಟ್ಟಿ ಬರಿಗೈಯಲ್ಲಿ ಗುಡ್ಡಕ್ಕೆ ಹೊರಟಾಗ ಅವಳೂ ಹಿಂದೆ ಬಂದಳು. ಬೇಡವೆಂದರೆ ಕೇಳಲಿಲ್ಲ. ಹನ್ನೆರಡರ ಹುಡುಗಿ ಒಂದೇ ಉಸಿರಿಗೆ ಹತ್ತಿದಳು. ಅಪ್ಪನೇ ನಾಲ್ಕು ಕಡೆ ಕೂತ. ಗವಿಯ ಬಾಗಿಲಲ್ಲಿ ಕರಡಿಯ ಎಲುಬು ಮಾತ್ರ ಇತ್ತು. ಕಾವಲಿನ ಮಂತ್ರ ಅದನ್ನು ಇನ್ನೂ ನೆಟ್ಟಗೆ ಕೂರಿಸಿಯೇ ಇತ್ತು.

ಬರಡಯ್ಯ ಅದೇ ಮಾತು ಹೇಳಿದ. ಸೆಟ್ಟಿ ಮಗಳ ಕೈಹಿಡಿದು ತಿರುಗಿದ. ಅವಳು ಕದಲಲಿಲ್ಲ.

"ಅಪ್ಪಾ, ಈ ರಾಶಿಗೆ ಒದ್ದೆ ಬಟ್ಟೆ ಯಾಕೆ?"

"ಹಾರದಿರಲಿ ಅಂತ. ನಡಿ."

"ಸರಕಿಗೆ ಹನಿ ನೀರು ತಾಗಿದರೂ ಆಳುಗಳ ಮೇಲೆ ಹಾರಾಡೋನು ನೀನು. ಕೆಟ್ಟರೂ ಚಿಂತೆಯಿಲ್ಲ, ಹಾರಬಾರದು ಅಂತಿದ್ದಾರೆ ಇವರು. ಹಾರಿದರೆ ಇವರಿಗೇನಾಗುತ್ತೆ?"

"ಹೇಳು ಸೆಟ್ಟಿ," ಎಂದ ಬರಡಯ್ಯ. "ಮಗಳು ಕೇಳ್ತಾ ಇದ್ದಾಳೆ."

ಸೆಟ್ಟಿಗೆ ಮೊದಲ ಸಲ ಬಂದಾಗಲೇ ತಿಳಿದಿತ್ತು. ಒಬ್ಬರಿಂದ ತೆಗೆದದ್ದು ಇನ್ನೊಬ್ಬರ ಹತ್ತಿರ ಇರಲೇಬೇಕು. ವ್ಯಾಪಾರದಲ್ಲಿ ಯಾವುದೂ ಇಲ್ಲವಾಗುವುದಿಲ್ಲ.

"ನಿನ್ನ ಉಬ್ಬಸ ಈಗ ಇವನ ಎದೆಯಲ್ಲಿದೆ," ಎಂದ ನೆಲ ನೋಡುತ್ತ. "ಧೂಳಿ ಎದ್ದರೆ ಇವನು ಸಾಯುತ್ತಾನೆ. ಸತ್ತರೆ ಅದು ನಿನಗೇ ವಾಪಸು ಬರುತ್ತೆ."

"ಯಾವಾಗಿಂದ ಗೊತ್ತು ನಿನಗೆ?"

ಅವನು ಅವಳ ಕೈ ಬಿಟ್ಟ. 

"ಬರಲಿ ಬಿಡು," ಎಂದಳು. "ನಂದೇ ತಾನೆ."

ಬಟ್ಟೆಯ ಒಂದು ಮೂಲೆ ಹಿಡಿದು ಎಳೆದಳು. ನೆನೆದ ಬಟ್ಟೆ ಭಾರ. ಒಬ್ಬಳ ಕೈಗೆ ಬರಲಿಲ್ಲ. ಬರಡಯ್ಯ ಎದ್ದು ಬರುತ್ತಿದ್ದ. ಜಕ್ಕವ್ವೆ ಅಪ್ಪನನ್ನು ಕರೆಯಲಿಲ್ಲ, ಎಳೆಯುತ್ತಲೇ ಇದ್ದಳು. ಸೆಟ್ಟಿ ನಿಂತೇ ಇದ್ದ. ಆಮೇಲೆ ಬಾಗಿ ಇನ್ನೊಂದು ಮೂಲೆ ಹಿಡಿದ.

ಬಟ್ಟೆ ಸರಿಯಿತು. ಜಕ್ಕವ್ವೆ ಎದೆ ತುಂಬ ಉಸಿರೆಳೆದು ಊದಿದಳು. ಗವಿಯೆಲ್ಲ ಹಳದಿಯಾಯಿತು. ಬರಡಯ್ಯನ ಗಂಟಲಿಂದ ಎದ್ದ ಸದ್ದು ಸೆಟ್ಟಿಗೆ ಹೊಸದಲ್ಲ. ಒಂಬತ್ತು ವಸಂತ ಹಾಸಿಗೆಯ ಪಕ್ಕ ಕೂತು ಕೇಳಿದ ಸದ್ದೇ ಅದು. ಮುನ್ನೂರು ವರ್ಷವೂ ಒಟ್ಟಿಗೆ ಕಳಚಿ ಮಾಯಗಾರ ಜೊಳ್ಳಿನ ಹಾಗೆ ಕುಸಿದ. ಬಾಗಿಲಲ್ಲಿ ಕರಡಿಯ ಎಲುಬು ಸಡಿಲಿ ಬಿತ್ತು. ಧೂಳಿ ಗಾಳಿ ಹಿಡಿದು ಬಯಲಿಗೆ ಇಳಿಯಿತು.

ಅರ್ಧ ದಾರಿಯಲ್ಲಿ ಜಕ್ಕವ್ವೆ ಎದೆ ಒತ್ತಿಕೊಂಡು ಕೂತಳು. ಸೆಟ್ಟಿ ಶಲ್ಯ ಬಿಚ್ಚಿ ಅವಳ ಮೂಗಿಗೆ ಕಟ್ಟಿ, ಬೆನ್ನಿಗೆ ಹಾಕಿಕೊಂಡು ಇಳಿದ.

ಆ ವರ್ಷ ಹೊಳೆಯಾಚೆಯ ರಾಜ್ಯದಿಂದ ಬಿತ್ತನೆಯ ಕಾಳು ಬಂತು, ಏಳು ಹಿಂಡು ಜೇನು ಬಂದವು. ಜೋಳ ಹಾಲುಗಟ್ಟಿತು. ಮಾವಿನ ಕೊಂಬೆಗಳಿಗೆ ಊರೆಗೋಲು ಕೊಡಬೇಕಾಯಿತು. ಅರಸ ಊರಿಗೆಲ್ಲ ಹೋಳಿಗೆ ಹಾಕಿಸಿದ. ಕೇಸರಾವತಿಯ ಜನ ಉಂಡುಟ್ಟು ಸುಖವಾಗಿದ್ದರು, ಅದೇನೂ ಸುಳ್ಳಲ್ಲ. ಜಕ್ಕವ್ವೆ ಬಾಗಿಲು ಹಾಕಿದ ಕೋಣೆಯಲ್ಲಿ ಎರಡು ವಸಂತ ದಾಟಿದಳು. ಮೂರನೆಯದು ದಾಟಲಿಲ್ಲ.

ಕೇತಿಸೆಟ್ಟಿ ಗುತ್ತಿಗೆ ಬಿಟ್ಟುಕೊಟ್ಟ. ಇಷ್ಟೆಲ್ಲ ಮಾಡಿ ನಿನಗೆ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ಅವನು ಬೆರಳು ಮಡಿಸುತ್ತಿದ್ದ. ಅವಳು ಓಡಿಯಾಡಿದ ವರ್ಷ ಮೂರು. ಕೂತು ಕಳೆದ ವರ್ಷ ಎರಡು. ಒಟ್ಟು ಐದು.